ಒಂದು ಲಾರಿ, ಹಲವು ಕಾಗದ: ಸರಕು ಸಾಗಣೆ ವ್ಯವಹಾರಕ್ಕೆ ನಿಜವಾಗಿ ಬೇಕಾದ ಪರವಾನಗಿಗಳು ಯಾವುವು?

ಪ್ರಶ್ನೆ: ಎಂಟು ವರ್ಷಗಳಿಂದ ಗೋದಾಮೊಂದರಲ್ಲಿ ಲೋಡಿಂಗ್ ಮೇಲ್ವಿಚಾರಕನಾಗಿದ್ದೇನೆ. ಈಗ ಆರು ಚಕ್ರದ ಒಂದು ಲಾರಿ ಕೊಂಡು ಕರ್ನಾಟಕದೊಳಗೆ, ಆಗಾಗ ತಮಿಳುನಾಡು ಮತ್ತು ಮಹಾರಾಷ್ಟ್ರಕ್ಕೆ ಸರಕು ಸಾಗಿಸುವ ಯೋಚನೆಯಿದೆ. ನನ್ನ ಲಾರಿ ಬಿಡುವಿಲ್ಲದಾಗ ಬೇರೆಯವರ ಲಾರಿಗಳಿಗೆ ಲೋಡ್ ಕೊಡಿಸಿ ಕಮಿಷನ್ ಪಡೆಯುವ ಉದ್ದೇಶವೂ ಇದೆ. ‘ಒಂದು ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ಮಾಡಿಸಿದರೆ ಎಲ್ಲ ಮುಗಿಯಿತು’ ಎಂದು ಏಜೆಂಟರೊಬ್ಬರು ಹೇಳುತ್ತಾರೆ. ಇದು ನಿಜವೇ? ಜಿವಿಡಬ್ಲ್ಯು, ಎನ್‌ಪಿ, ಎಲ್‌ಆರ್, ಕಾಮನ್ ಕ್ಯಾರಿಯರ್, ಜಿಟಿಎ ಎಂಬ ಪದಗಳ ಅರ್ಥವೇನು? ಅಂಗಡಿಯ ಬೋರ್ಡಿನಲ್ಲಿ ‘ಲಾಜಿಸ್ಟಿಕ್ಸ್’ ಎಂದು ಬರೆಸಲು ಬೇರೆ ಲೈಸೆನ್ಸ್ ಬೇಕೇ?

ಉತ್ತರ: ಏಜೆಂಟರು ಹೇಳಿದ್ದು ನಿಜವಲ್ಲ. ‘ಟ್ರಾನ್ಸ್‌ಪೋರ್ಟ್ ಲೈಸೆನ್ಸ್’ ಎಂಬ ಹೆಸರಿನ ಒಂದೇ ಒಂದು ಪರವಾನಗಿ ನಮ್ಮ ದೇಶದ ಕಾನೂನಿನಲ್ಲಿ ಇಲ್ಲ. ಚಾಲಕನಿಗೆ ಒಂದು ಪತ್ರ, ವಾಹನಕ್ಕೆ ಕೆಲವು, ಆ ವಾಹನ ಯಾವ ಪ್ರದೇಶದಲ್ಲಿ ಓಡಬಹುದು ಎಂಬುದಕ್ಕೆ ಇನ್ನೊಂದು, ವ್ಯವಹಾರ ನಡೆಸುವವನಿಗೆ ಮತ್ತೊಂದು, ಪ್ರತಿಯೊಂದು ಲೋಡಿಗೂ ಅದರದೇ ಆದ ದಾಖಲೆ ಹೀಗೆ ವ್ಯವಸ್ಥೆ ಇದೆ. ಕೈಗೆ ಬಂದ ಯಾವುದೇ ಕಾಗದವನ್ನು ನೋಡಿದಾಗ ‘ಇದು ಯಾರಿಗೆ ಅಥವಾ ಯಾವುದಕ್ಕೆ ಅಂಟಿಕೊಂಡಿದೆ?’ ಎಂದು ಮೊದಲು ಕೇಳಿಕೊಳ್ಳಿ. ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಲಾರಿಯ ರಹದಾರಿ, ಅಂದರೆ ಪರ್ಮಿಟ್, ನಿಮ್ಮ ಬುಕಿಂಗ್ ವ್ಯವಹಾರವನ್ನು ಸಕ್ರಮಗೊಳಿಸುವುದಿಲ್ಲ. ನಿಮ್ಮ ಜಿಎಸ್‌ಟಿ ಸಂಖ್ಯೆ ಚಾಲಕನ ಪರವಾನಗಿಯ ಕೊರತೆಯನ್ನು ತುಂಬುವುದಿಲ್ಲ.

ತೂಕದಿಂದ ಆರಂಭಿಸೋಣ, ಏಕೆಂದರೆ ಉಳಿದ ಬಹುತೇಕ ವಿಂಗಡಣೆಗಳು ಅದರ ಮೇಲೆಯೇ ನಿಂತಿವೆ. ಜಿವಿಡಬ್ಲ್ಯು ಎಂದರೆ ವಾಹನದ ಒಟ್ಟು ತೂಕ. ಅಂದರೆ ವಾಹನ ಮತ್ತು ಅದರ ಮೇಲಿನ ಸರಕು ಎರಡೂ ಸೇರಿ ಎಷ್ಟು ತೂಗಬಹುದೆಂದು ನೋಂದಣಿ ಪತ್ರದಲ್ಲಿ, ಅಂದರೆ ಆರ್‌ಸಿಯಲ್ಲಿ, ನಮೂದಾದ ಮಿತಿ. ಸರಕಿಲ್ಲದ ವಾಹನದ ತೂಕವನ್ನು ಖಾಲಿ ತೂಕ ಎನ್ನುತ್ತಾರೆ. ಒಟ್ಟು ತೂಕದಿಂದ ಖಾಲಿ ತೂಕವನ್ನು ಕಳೆದರೆ ಬರುವುದೇ ನೀವು ಕಾನೂನುಬದ್ಧವಾಗಿ ಹೇರಬಹುದಾದ ಸರಕಿನ ತೂಕ, ಅಂದರೆ ಪೇಲೋಡ್. ಉದಾಹರಣೆಗೆ ಆರ್‌ಸಿಯಲ್ಲಿ ಒಟ್ಟು ತೂಕ 18,500 ಕಿಲೋ, ಖಾಲಿ ತೂಕ 6,500 ಕಿಲೋ ಎಂದಿದ್ದರೆ ನಿಮ್ಮ ಸರಕಿನ ಮಿತಿ 12,000 ಕಿಲೋ. ‘ಹತ್ತು ಟನ್ ಗಾಡಿ’, ‘ಹದಿನಾರು ಟನ್ ಗಾಡಿ’ ಎಂಬ ಮಾತುಗಳಲ್ಲಿ ಕೆಲವೊಮ್ಮೆ ಪೇಲೋಡ್ ಅಡಗಿರುತ್ತದೆ, ಕೆಲವೊಮ್ಮೆ ಒಟ್ಟು ತೂಕ. ಆದ್ದರಿಂದ ಬಾಡಿಗೆ ಮಾತಾಡುವಾಗ ಯಾವುದನ್ನು ಹೇಳುತ್ತಿದ್ದಾರೆಂದು ಕೇಳಿ ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಲೋಡಿಂಗ್ ಮೇಲ್ವಿಚಾರಕರಾಗಿದ್ದ ನಿಮಗೆ ಈ ಗೊಂದಲ ಹೊಸದೇನಲ್ಲ.

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನ ಲಘು ಮೋಟಾರು ವಾಹನ. 12,000 ಕಿಲೋ ಮೀರಿದ್ದು ಭಾರಿ ಸರಕು ವಾಹನ. ಇವೆರಡರ ನಡುವಿನದು ಮಧ್ಯಮ ಸರಕು ವಾಹನ. ನೀವು ಹೇಳುವ ಆರು ಚಕ್ರದ, ಎರಡು ಆಕ್ಸಲ್‌ಗಳ (ಎಡಬಲದ ಚಕ್ರಗಳನ್ನು ಜೋಡಿಸುವ ಅಡ್ಡ ದಂಡಗಳ) ದೊಡ್ಡ ಲಾರಿ ಭಾರಿ ವರ್ಗಕ್ಕೆ ಸೇರುತ್ತದೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿಗಳನ್ನು ಹೆಚ್ಚಿಸಿತು. ನಾಲ್ಕು ಟೈರಿನ ಒಂಟಿ ಆಕ್ಸಲ್‌ನ ಮಿತಿ 10.2 ಟನ್‌ನಿಂದ 11.5 ಟನ್‌ಗೆ ಏರಿತು. ಎರಡು ಆಕ್ಸಲ್ ಲಾರಿಯ ಒಟ್ಟು ತೂಕದ ಮಿತಿ 16.2 ಟನ್‌ನಿಂದ 18.5 ಟನ್ ಆಯಿತು. ಟ್ರೇಲರ್‌ಗಳನ್ನೂ ಒಳಗೊಂಡ ಗರಿಷ್ಠ ಮಿತಿ 49 ಟನ್‌ನಿಂದ 55 ಟನ್‌ಗೆ ಹೋಯಿತು. ಆದರೆ ಹಳೆಯ ಲಾರಿ ಕೊಳ್ಳುವುದಾದರೆ ಎಚ್ಚರಿಕೆ ಬೇಕು. ಅಧಿಸೂಚನೆಯಲ್ಲಿ ಎಷ್ಟೇ ಇರಲಿ, ರಸ್ತೆಯಲ್ಲಿ ನಿಮ್ಮನ್ನು ಅಳೆಯುವುದು ನಿಮ್ಮ ಆರ್‌ಸಿಯಲ್ಲಿ ಬರೆದಿರುವ ಅಂಕಿಯಿಂದ. ಮಾರಾಟಗಾರ ‘ಇದು ಹದಿನೆಂಟೂವರೆ ಟನ್ ಗಾಡಿ’ ಎಂದರೆ ಆರ್‌ಸಿ ತೆಗೆಸಿ ಓದಿ, ಆಮೇಲೆ ಬೆಲೆಯ ಮಾತಾಡಿ.

ಮಿತಿ ಮೀರಿ ಹೇರಿದರೆ 2019ರ ತಿದ್ದುಪಡಿಯ ನಂತರ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ 20,000 ರೂಪಾಯಿ ದಂಡ, ಜೊತೆಗೆ ಹೆಚ್ಚುವರಿ ಟನ್ ಒಂದಕ್ಕೆ 2,000 ರೂಪಾಯಿ. ಮೂರು ಟನ್ ಹೆಚ್ಚಿದ್ದರೆ 26,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಸರಕನ್ನು ನಿಮ್ಮ ಖರ್ಚಿನಲ್ಲಿ ಇಳಿಸುವ ಹೊಣೆ. ತೂಕ ಹಾಕಿಸಲು ನಿರಾಕರಿಸಿದರೆ ದಂಡ 40,000 ರೂಪಾಯಿ. ಈ ದಂಡ ಕೇವಲ ಚಾಲಕನಿಗೆ ಎಂದು ಭಾವಿಸಬೇಡಿ; ಓಡಿಸಿದವನಂತೆ, ಓಡಿಸಲು ಕಾರಣನಾದವನೂ ಬಿಟ್ಟವನೂ ಹೊಣೆಗಾರರು ಎಂದು ಕಾಯ್ದೆ ಹೇಳುತ್ತದೆ. ಇನ್ನೊಂದು ಸೂಕ್ಷ್ಮವನ್ನು ಹಲವರು ಗಮನಿಸುವುದಿಲ್ಲ. ಒಟ್ಟು ತೂಕ ಮಿತಿಯೊಳಗಿದ್ದರೂ ಸರಕನ್ನೆಲ್ಲ ಹಿಂಬದಿಗೆ ಒಟ್ಟಿದರೆ ಹಿಂದಿನ ಆಕ್ಸಲ್‌ನ ಭಾರ ಮಿತಿ ದಾಟಬಹುದು, ಅದೂ ಉಲ್ಲಂಘನೆಯೇ. ಬ್ರೇಕು, ಟೈರು, ತಿರುವಿನಲ್ಲಿ ಗಾಡಿಯ ನಿಲುವು ಎಲ್ಲವೂ ಆ ಹಂಚಿಕೆಯ ಮೇಲೆ ನಿಂತಿರುವುದರಿಂದ ಇದು ದಂಡಕ್ಕಿಂತ ಚಾಲಕನ ಜೀವದ ಪ್ರಶ್ನೆ ಎಂದೇ ನಾನು ಕಾಣುತ್ತೇನೆ.

ಈಗ ಚಾಲಕನ ವಿಷಯ. ಸಾರಿಗೆ ವಾಹನ ಓಡಿಸಲು ಕನಿಷ್ಠ 20 ವರ್ಷ ತುಂಬಿರಬೇಕು, ಮತ್ತು ಸಾರಿಗೆ ವಾಹನದ ಕಲಿಕಾ ಪರವಾನಗಿ ಪಡೆಯುವ ಮುನ್ನ ಕನಿಷ್ಠ ಒಂದು ವರ್ಷ ಲಘು ಮೋಟಾರು ವಾಹನದ ಪರವಾನಗಿ ಹೊಂದಿರಬೇಕು. ಹಿಂದೆ ಇದ್ದ ಎಂಟನೇ ತರಗತಿಯ ಓದಿನ ಷರತ್ತನ್ನು 2019ರಲ್ಲಿ ಕೈಬಿಡಲಾಯಿತು. ಅದೇ ವರ್ಷದ ತಿದ್ದುಪಡಿಯಿಂದ ಸಾರಿಗೆ ವಾಹನದ ಚಾಲನಾ ಪರವಾನಗಿಯ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿತು. ಅಪಾಯಕಾರಿ ಸರಕು ಸಾಗಿಸುವ ಚಾಲಕನಿಗೆ ಅದು ಮೂರು ವರ್ಷ, ಜೊತೆಗೆ ಅವನಿಗೆ ಪ್ರತ್ಯೇಕ ತರಬೇತಿ ಕಡ್ಡಾಯ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಒಂದು ಹಳೆಯ ವಿವಾದಕ್ಕೆ ತೆರೆ ಎಳೆಯಿತು. ಲಘು ಮೋಟಾರು ವಾಹನದ ಪರವಾನಗಿ ಇರುವವರು ಬೇರೆ ಅನುಮೋದನೆಯಿಲ್ಲದೆ 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು ಎಂಬುದು ಅದರ ಸಾರ. ಈ ತೀರ್ಪನ್ನು ಎಲ್ಲ ಲಾರಿಗಳಿಗೂ ಅನ್ವಯಿಸಿ ಮಾತಾಡುವವರಿದ್ದಾರೆ. ನಿಮ್ಮ ಆರು ಚಕ್ರದ ಲಾರಿಗೆ ಅದು ಅನ್ವಯಿಸುವುದಿಲ್ಲ. ಅದಕ್ಕೆ ಭಾರಿ ಸಾರಿಗೆ ವಾಹನ ಓಡಿಸುವ ಅನುಮೋದನೆ ಇರುವ ಚಾಲಕನೇ ಬೇಕು. ತಕ್ಕ ಪರವಾನಗಿ ಇಲ್ಲದವನ ಕೈಗೆ ಗಾಡಿ ಕೊಟ್ಟ ಮಾಲೀಕನೂ ಶಿಕ್ಷಾರ್ಹ, ಮತ್ತು ಅಪಘಾತವಾದರೆ ವಿಮಾ ಕಂಪನಿ ಮೊದಲು ಎತ್ತುವ ಆಕ್ಷೇಪವೂ ಅದೇ. ಆದ್ದರಿಂದ ಚಾಲಕನನ್ನು ನೇಮಿಸುವಾಗ ಅವನು ತೋರಿಸಿದ ಕಾರ್ಡಿನ ಜೆರಾಕ್ಸ್ ಇಟ್ಟುಕೊಂಡು ಸುಮ್ಮನಾಗದೆ, ಚಾಲನಾ ಪರವಾನಗಿಗಳ ಸರ್ಕಾರಿ ಜಾಲತಾಣವಾದ ಸಾರಥಿಯಲ್ಲಿ ಅದರ ವರ್ಗವನ್ನೂ ಅವಧಿಯನ್ನೂ ನೀವೇ ಪರಿಶೀಲಿಸಿ.

ವಾಹನಕ್ಕೆ ಅಂಟಿಕೊಂಡ ಕಾಗದಗಳಲ್ಲಿ ನೋಂದಣಿ ಪತ್ರ, ವಿಮೆ, ಹೊಗೆ ತಪಾಸಣೆ ಪ್ರಮಾಣಪತ್ರ, ತೆರಿಗೆ ರಶೀದಿ ಎಲ್ಲರಿಗೂ ಗೊತ್ತಿರುವಂಥವು. ಅರ್ಹತಾ ಪ್ರಮಾಣಪತ್ರ, ಅಂದರೆ ಎಫ್‌ಸಿ, ಮಾತ್ರ ಸ್ವಲ್ಪ ವಿವರಣೆ ಬೇಡುತ್ತದೆ. ಹೊಸ ಸಾರಿಗೆ ವಾಹನಕ್ಕೆ ಮೊದಲ ಎಫ್‌ಸಿ ಎರಡು ವರ್ಷದ್ದು. ಆಮೇಲೆ ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಅಲ್ಲಿಂದ ಮುಂದೆ ವರ್ಷಕ್ಕೊಮ್ಮೆ ನವೀಕರಣ. ಕಾಯ್ದೆಯ 56ನೇ ಸೆಕ್ಷನ್ ಹೇಳುವ ಒಂದು ಮಾತು ಬಹಳ ಗಂಭೀರವಾದದ್ದು: ಚಾಲ್ತಿಯಲ್ಲಿರುವ ಎಫ್‌ಸಿ ಇಲ್ಲದ ಸಾರಿಗೆ ವಾಹನವನ್ನು ಕ್ರಮಬದ್ಧವಾಗಿ ನೋಂದಣಿಯಾದ ವಾಹನವೆಂದೇ ಪರಿಗಣಿಸಲಾಗುವುದಿಲ್ಲ. ಅಂದರೆ ಎಫ್‌ಸಿ ಮುಗಿದ ದಿನದಿಂದ ನಿಮ್ಮ ಆರ್‌ಸಿಯೂ ಬಲ ಕಳೆದುಕೊಂಡಂತೆ. ಹಳೆಯ ಗಾಡಿ ಕೊಳ್ಳುವವರು ಇಂಜಿನ್ ಸದ್ದು ಕೇಳುವ ಮುನ್ನ ಈ ದಿನಾಂಕ ನೋಡಬೇಕು.

ಇನ್ನು ರಹದಾರಿ. ದಾರಿಯಲ್ಲಿ ಸಾಗಲು ಕೊಡುವ ಅನುಮತಿ ಎಂಬ ಅರ್ಥದ ಈ ಪಾರಸಿ ಮೂಲದ ಹಳೆಯ ಪದವನ್ನು ನಮ್ಮ ಸಾರಿಗೆ ಇಲಾಖೆ ಇಂದಿಗೂ ಬಳಸುತ್ತದೆ. ಜನರ ಬಾಯಲ್ಲಿ ಅದು ಪರ್ಮಿಟ್. ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ, ಸರಕು ಇರಲಿ ಇಲ್ಲದಿರಲಿ, ಸಾರಿಗೆ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಬಳಸಬೇಕಾದರೆ ರಹದಾರಿ ಬೇಕು. ಲೋಡ್ ಇಳಿಸಿ ಖಾಲಿ ಬರುತ್ತಿದ್ದೆ ಎಂಬ ಸಮಜಾಯಿಷಿ ಹಾಗಾಗಿ ನಿಲ್ಲುವುದಿಲ್ಲ. ಒಟ್ಟು ತೂಕ 3,000 ಕಿಲೋ ಮೀರದ ಸಣ್ಣ ಸರಕು ವಾಹನಗಳಿಗೆ ಇದರಿಂದ ವಿನಾಯಿತಿಯಿದೆ. ಆದರೆ ವಿನಾಯಿತಿ ರಹದಾರಿಗೆ ಮಾತ್ರ, ಎಫ್‌ಸಿ, ವಿಮೆಗಳಿಗೆ ಅಲ್ಲ. ರಹದಾರಿಯಿಲ್ಲದೆ ಓಡಿಸಿದರೆ ಮೊದಲ ಅಪರಾಧಕ್ಕೇ ಆರು ತಿಂಗಳವರೆಗೆ ಸೆರೆವಾಸ ಮತ್ತು 10,000 ರೂಪಾಯಿ ದಂಡವನ್ನು ಕಾಯ್ದೆ ಹೇಳುತ್ತದೆ.

ಸರಕು ವಾಹನದ ರಹದಾರಿಯ ಅವಧಿ ಐದು ವರ್ಷ. ಮುಗಿಯುವ ಕನಿಷ್ಠ ಹದಿನೈದು ದಿನ ಮೊದಲು ನವೀಕರಣದ ಅರ್ಜಿ ಕೊಡಬೇಕು. ತಾತ್ಕಾಲಿಕ ರಹದಾರಿಯೂ ಉಂಟು, ಅದು ಗರಿಷ್ಠ ನಾಲ್ಕು ತಿಂಗಳದ್ದು. ನಿಮ್ಮದು ಮೂರು ರಾಜ್ಯಗಳ ಓಡಾಟವಾದ್ದರಿಂದ ನಿಮಗೆ ಬೇಕಾದದ್ದು ರಾಷ್ಟ್ರೀಯ ರಹದಾರಿ. ಲಾರಿಯ ಮುಂದೆ ಹಿಂದೆ ಎನ್‌ಪಿ ಎಂದು ಬರೆದಿರುವುದು ಇದನ್ನೇ. 2010ರ ಮೇ ತಿಂಗಳಿನಿಂದ ಪ್ರತಿ ರಾಜ್ಯಕ್ಕೆ ಬೇರೆ ಬೇರೆ ಶುಲ್ಕ ಕಟ್ಟುವ ಬದಲು ದೇಶವಿಡೀ ಅನ್ವಯವಾಗುವ ಒಂದೇ ವಾರ್ಷಿಕ ಶುಲ್ಕದ ಪದ್ಧತಿ ಬಂತು. ಆಗ ಅದು 15,000 ರೂಪಾಯಿ ಇತ್ತು, 2012ರಲ್ಲಿ 16,500 ರೂಪಾಯಿ ಆಯಿತು. ಇಲ್ಲಿ ಹೊಸಬರು ಎಡವುವ ಜಾಗವೊಂದಿದೆ. ರಹದಾರಿಯ ಅವಧಿ ಐದು ವರ್ಷವಾದರೂ ರಾಜ್ಯದ ಗಡಿ ದಾಟಲು ಬೇಕಾದ ಅಧಿಕಾರ ಪತ್ರ ಒಂದು ವರ್ಷದ್ದು ಮಾತ್ರ. ಶುಲ್ಕ ಕಟ್ಟಿ ಪ್ರತಿ ವರ್ಷ ಅದನ್ನು ಹೊಸದಾಗಿ ಪಡೆಯಬೇಕು. ‘ನನ್ನ ಪರ್ಮಿಟ್ ಇನ್ನೂ ಮೂರು ವರ್ಷ ಇದೆ’ ಎಂದು ನಂಬಿ ಗಡಿಯಲ್ಲಿ ಸಿಕ್ಕಿಬೀಳುವವರು ಈ ಎರಡನ್ನೂ ಒಂದೇ ಎಂದುಕೊಂಡವರು. ವಾಹನದ ವಯಸ್ಸಿಗೂ ಮಿತಿಯಿದೆ: ನಿಮ್ಮಂಥ ಎರಡು ಆಕ್ಸಲ್ ಲಾರಿಗೆ 12 ವರ್ಷ, ಬಹು ಆಕ್ಸಲ್ ವಾಹನಕ್ಕೆ 15 ವರ್ಷ ಕಳೆದ ಮೇಲೆ ರಾಷ್ಟ್ರೀಯ ರಹದಾರಿ ಸಿಗುವುದಿಲ್ಲ. ಹತ್ತು ವರ್ಷದ ಲಾರಿ ಅಗ್ಗಕ್ಕೆ ಸಿಕ್ಕಿತೆಂದು ಕೊಂಡರೆ ಎರಡೇ ವರ್ಷದಲ್ಲಿ ಅದು ಸ್ವಂತ ರಾಜ್ಯಕ್ಕೆ ಸೀಮಿತವಾಗುತ್ತದೆ ಎಂಬ ಲೆಕ್ಕ ಮೊದಲೇ ಇರಲಿ.

ರಾಷ್ಟ್ರೀಯ ರಹದಾರಿಯ ಮತ್ತೊಂದು ಷರತ್ತು ನಿಮ್ಮ ಲಾಭದ ಲೆಕ್ಕವನ್ನೇ ಮುಟ್ಟುತ್ತದೆ. ಬೇರೆ ರಾಜ್ಯದೊಳಗಿನ ಎರಡು ಊರುಗಳ ನಡುವೆ ನೀವು ಸರಕು ಸಾಗಿಸುವಂತಿಲ್ಲ. ಬೆಂಗಳೂರಿನಿಂದ ಪುಣೆಗೆ ಲೋಡ್ ಒಯ್ಯಬಹುದು, ಪುಣೆಯಿಂದ ಹುಬ್ಬಳ್ಳಿಗೆ ತರಬಹುದು. ಆದರೆ ಪುಣೆಯಲ್ಲಿ ತುಂಬಿ ನಾಗಪುರದಲ್ಲಿ ಇಳಿಸುವುದು ಕರ್ನಾಟಕದ ಲಾರಿಗೆ ನಿಷಿದ್ಧ. ವಾಪಸ್ ಲೋಡ್ ಸಿಗದೆ ಖಾಲಿ ಬರುವುದು ಈ ವ್ಯವಹಾರದ ದೊಡ್ಡ ನಷ್ಟ. ಅದನ್ನು ತಪ್ಪಿಸಲು ಅಂಥ ಲೋಡ್ ಕೊಡಿಸುತ್ತೇನೆಂದು ದಲ್ಲಾಳಿ ಆಸೆ ತೋರಿಸಿದಾಗ ಈ ಷರತ್ತು ನೆನಪಿರಲಿ. ಲಾರಿಯನ್ನು ಮಾರಿದರೆ ರಹದಾರಿ ತಾನಾಗಿ ಕೊಂಡವನಿಗೆ ಹೋಗುವುದಿಲ್ಲ, ಸಾರಿಗೆ ಪ್ರಾಧಿಕಾರದ ಅನುಮತಿ ಬೇಕು. ಮಾಲೀಕ ತೀರಿಕೊಂಡರೆ ವಾಹನ ಯಾರ ಸ್ವಾಧೀನಕ್ಕೆ ಬರುತ್ತದೋ ಅವರು ಮೂವತ್ತು ದಿನದೊಳಗೆ ಪ್ರಾಧಿಕಾರಕ್ಕೆ ತಿಳಿಸಿ ಮೂರು ತಿಂಗಳವರೆಗೆ ಅದೇ ರಹದಾರಿಯಲ್ಲಿ ಓಡಿಸಬಹುದು. ಒಂದೇ ಲಾರಿಯ ಮೇಲೆ ಸಂಸಾರ ನಡೆಸುವ ಮನೆಗಳಲ್ಲಿ ಈ ಮೂವತ್ತು ದಿನಗಳ ಮಾತು ಗೊತ್ತಿರಬೇಕಾದದ್ದು ಅತ್ಯಗತ್ಯ.

ಇಲ್ಲಿಯವರೆಗಿನದೆಲ್ಲ ಲಾರಿ ಮಾಲೀಕನ ಪಾತ್ರಕ್ಕೆ ಸಂಬಂಧಿಸಿದ್ದು. ಆದರೆ ನೀವು ಬೇರೆಯವರ ಲಾರಿಗಳಿಗೆ ಲೋಡ್ ಕೊಡಿಸಿ ಕಮಿಷನ್ ಪಡೆಯುವ ಉದ್ದೇಶ ಹೇಳಿದ್ದೀರಿ. ಅಲ್ಲಿಗೆ ನಿಮ್ಮ ಪಾತ್ರ ಬದಲಾಗುತ್ತದೆ, ಬೇರೊಂದು ಕಾನೂನು ಪ್ರವೇಶಿಸುತ್ತದೆ. ಅದು 2007ರ ರಸ್ತೆ ಸಾಗಣೆ ಕಾಯ್ದೆ. 1865ರಲ್ಲಿ ಬ್ರಿಟಿಷರ ಕಾಲದಲ್ಲಿ ಬಂದ ಕ್ಯಾರಿಯರ್ಸ್ ಕಾಯ್ದೆಯ ಜಾಗದಲ್ಲಿ ಬಂದ ಇದು 2011ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಅದರಲ್ಲಿ ‘ಕಾಮನ್ ಕ್ಯಾರಿಯರ್’, ಅಂದರೆ ಸಾಮಾನ್ಯ ಸಾಗಣೆದಾರ, ಎಂದರೆ ಯಾರ ಸರಕನ್ನಾದರೂ ಭೇದವಿಲ್ಲದೆ ಬಾಡಿಗೆಗೆ ರಸ್ತೆಯ ಮೂಲಕ ಸಾಗಿಸುವ ಅಥವಾ ಅದಕ್ಕಾಗಿ ಸರಕನ್ನು ಸಂಗ್ರಹಿಸಿ, ಇಟ್ಟುಕೊಂಡು, ಮುಂದಕ್ಕೆ ಕಳುಹಿಸಿ, ಹಂಚುವ ವ್ಯವಹಾರದಲ್ಲಿರುವವನು. ಸರಕು ಬುಕಿಂಗ್ ಕಂಪನಿ, ಗುತ್ತಿಗೆದಾರ, ಏಜೆಂಟ್, ಬ್ರೋಕರ್, ಮನೆಬಾಗಿಲಿಗೆ ತಲುಪಿಸುವ ಕೊರಿಯರ್ ಸಂಸ್ಥೆ ಎಲ್ಲರೂ ಈ ವ್ಯಾಖ್ಯೆಯೊಳಗೆ ಬರುತ್ತಾರೆ. ಅಂದರೆ ಸ್ವಂತ ಲಾರಿ ಒಂದೂ ಇಲ್ಲದವನೂ ಕಾಮನ್ ಕ್ಯಾರಿಯರ್ ಆಗಬಹುದು, ನೋಂದಣಿ ಪಡೆಯದೆ ಆ ವ್ಯವಹಾರ ನಡೆಸುವಂತಿಲ್ಲ. ನೋಂದಣಿಯ ಅವಧಿ ಹತ್ತು ವರ್ಷ. ವ್ಯವಹಾರದ ಮುಖ್ಯ ಕಚೇರಿ ಇರುವ ಪ್ರದೇಶದ ಸಾರಿಗೆ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬೇಕು. ಏಜೆಂಟರು ‘ಟ್ರಾನ್ಸ್‌ಪೋರ್ಟ್ ಲೈಸೆನ್ಸ್’ ಎಂದದ್ದು ಬಹುಶಃ ಈ ನೋಂದಣಿಯನ್ನೇ ಇರಬಹುದು. ಅದು ಬೇಕು, ಆದರೆ ಅದೊಂದೇ ಸಾಲದು. ನೀವು ನಿಮ್ಮ ಲಾರಿಯನ್ನು ಯಾವುದೋ ಒಂದು ಸಾಗಣೆ ಸಂಸ್ಥೆಗೆ ಬಾಡಿಗೆಗೆ ಬಿಟ್ಟು, ಅವರ ಕಾಗದದ ಮೇಲೆ ಮಾತ್ರ ಓಡಿಸಿಕೊಂಡಿರುವುದಾದರೆ, ಗ್ರಾಹಕನೊಂದಿಗೆ ಸಾಗಣೆಯ ಒಪ್ಪಂದ ಆ ಸಂಸ್ಥೆಯದು. ನಿಮ್ಮ ಪಾತ್ರ ಲಾರಿ ಮಾಲೀಕನದು ಅಷ್ಟೇ. ಸ್ವಂತ ಹೆಸರಿನಲ್ಲಿ ಬುಕಿಂಗ್ ತೆಗೆದುಕೊಳ್ಳಲು ಆರಂಭಿಸಿದ ದಿನ ನೋಂದಣಿ ಕೈಯಲ್ಲಿರಬೇಕು.

ಇನ್ನು ನೀವು ಕೇಳಿದ ಪದಗಳಲ್ಲಿ ಎಲ್ಲಕ್ಕಿಂತ ತೂಕವುಳ್ಳದ್ದು ಎಲ್‌ಆರ್. ಲಾರಿ ರಶೀದಿ, ಜಿಆರ್, ಬಿಲ್ಟಿ, ಕನ್‌ಸೈನ್‌ಮೆಂಟ್ ನೋಟ್ ಎಂದೆಲ್ಲ ಕರೆಯುವುದು ಸ್ಥೂಲವಾಗಿ ಇದನ್ನೇ. 2007ರ ಕಾಯ್ದೆಯಲ್ಲಿ ಇದರ ಹೆಸರು ಸರಕು ರಶೀದಿ. ಸರಕು ಕಳುಹಿಸುವವನನ್ನು ಕನ್‌ಸೈನರ್ ಎಂದೂ ಪಡೆಯುವವನನ್ನು ಕನ್‌ಸೈನೀ ಎಂದೂ ಕರೆಯುತ್ತಾರೆ. ಕಾನೂನಿನ ಕ್ರಮ ಹೀಗಿದೆ: ಮೊದಲು ಕಳುಹಿಸುವವನು ಸರಕು ಏನು, ಎಷ್ಟು, ಅದರ ಮೌಲ್ಯವೇನು ಎಂದು ಘೋಷಿಸಿ ರವಾನೆ ಪತ್ರ ಕೊಡುತ್ತಾನೆ, ಅದನ್ನು ಆಧರಿಸಿ ಸಾಗಣೆದಾರ ಮೂರು ಪ್ರತಿಗಳಲ್ಲಿ ಸರಕು ರಶೀದಿ ಬರೆದು ಮೂಲ ಪ್ರತಿಯನ್ನು ಕಳುಹಿಸುವವನಿಗೆ ಕೊಡುತ್ತಾನೆ. ರಶೀದಿಯಲ್ಲಿ ಬರೆದ ತೂಕ, ಅಳತೆ, ಸಂಖ್ಯೆ ಮೇಲ್ನೋಟಕ್ಕೆ ಸತ್ಯವೆಂದು ನ್ಯಾಯಾಲಯ ಸ್ವೀಕರಿಸುತ್ತದೆ. ನೂರು ಚೀಲ ಎಂದು ಬರೆದು ತೊಂಬತ್ತೆಂಟನ್ನು ಇಳಿಸಿದರೆ, ಹತ್ತಿಸಿದ್ದೇ ತೊಂಬತ್ತೆಂಟು ಎಂದು ಸಾಬೀತುಪಡಿಸುವ ಹೊರೆ ನಿಮ್ಮದು. ಗೋದಾಮಿನಲ್ಲಿ ಎಣಿಸಿ ಹತ್ತಿಸಿದ ನಿಮ್ಮ ಅನುಭವ ಇಲ್ಲಿ ಬಂಡವಾಳ: ಎಣಿಸದೆ ಸಹಿ ಹಾಕಬೇಡಿ, ಒದ್ದೆಯಾದ, ಹರಿದ ಪೊಟ್ಟಣಗಳಿದ್ದರೆ ಅದನ್ನು ರಶೀದಿಯ ಮೇಲೆಯೇ ಬರೆಯಿರಿ.

ರಶೀದಿಯ ಮೂಲೆಯಲ್ಲಿ ಪೇಡ್, ಟು ಪೇ, ಟಿಬಿಬಿ ಎಂಬ ಗುರುತುಗಳಿರುತ್ತವೆ. ಬಾಡಿಗೆಯನ್ನು ಕಳುಹಿಸುವವನು ಮುಂಚಿತವಾಗಿ ಕೊಟ್ಟಿದ್ದರೆ ಪೇಡ್. ಪಡೆಯುವವನು ಕೊಡಬೇಕಿದ್ದರೆ ಟು ಪೇ. ಖಾತೆಗೆ ಬರೆದು ಆಮೇಲೆ ಬಿಲ್ ಮಾಡುವುದಾದರೆ ಟಿಬಿಬಿ. ಸರಕು ತಲುಪಿದ ಮೇಲೆ ಪಡೆದವನ ಸಹಿ, ಮೊಹರು ಇರುವ ಪ್ರತಿಯೇ ಪಿಒಡಿ, ಅಂದರೆ ತಲುಪಿಸಿದ್ದಕ್ಕೆ ಪುರಾವೆ. ಅದು ಬಾರದೆ ಬಾಕಿ ಬಾಡಿಗೆ ಬರುವುದಿಲ್ಲ ಎಂಬುದು ಈ ಕಸುಬಿನ ದಿನನಿತ್ಯದ ಸತ್ಯ. ಇಡೀ ಲಾರಿಯನ್ನು ಒಬ್ಬನೇ ಗ್ರಾಹಕ ತುಂಬಿದರೆ ಎಫ್‌ಟಿಎಲ್, ಹಲವರ ಸರಕು ಸೇರಿಸಿ ತುಂಬಿದರೆ ಪಾರ್ಟ್ ಲೋಡ್. ಇಳಿಸಲು ತಡವಾಗಿ ಲಾರಿ ನಿಂತರೆ ಕೊಡಬೇಕಾದದ್ದು ಹಾಲ್ಟಿಂಗ್ ಅಥವಾ ಡಿಟೆನ್ಷನ್. ಬಂದ ಸರಕನ್ನು ಒಯ್ಯದೆ ಗೋದಾಮಿನಲ್ಲಿ ಬಿಟ್ಟರೆ ಡೆಮರೇಜ್. ಎಷ್ಟು ಗಂಟೆಯ ನಂತರ ಹಾಲ್ಟಿಂಗ್ ಎಂಬುದನ್ನು ಬಾಡಿಗೆ ಮಾತಾಡುವಾಗಲೇ ಬರೆಸಿಕೊಳ್ಳಿ.

ಹಾನಿಯಾದರೆ ಹೊಣೆ ಎಷ್ಟು ಎಂಬುದು ನೀವು ಕೇಳದಿದ್ದರೂ ಹೇಳಲೇಬೇಕಾದ ವಿಷಯ. ಸರಕು ಕಳೆದರೆ ಅಥವಾ ಕೆಟ್ಟರೆ ಸಾಗಣೆದಾರನ ಅಜಾಗರೂಕತೆಯನ್ನು ಗ್ರಾಹಕ ಸಾಬೀತುಪಡಿಸಬೇಕಿಲ್ಲ. ಹೊಣೆ ಸಾಗಣೆದಾರನ ಮೇಲೆಯೇ ಬರುತ್ತದೆ. ಪ್ರಕೃತಿ ವಿಕೋಪ, ಯುದ್ಧ, ದಂಗೆ, ಕಾನೂನುಬದ್ಧ ಜಪ್ತಿಯಂಥ ಕೆಲವೇ ಸಂದರ್ಭಗಳು ಇದಕ್ಕೆ ಹೊರತು, ಅಲ್ಲಿಯೂ ಸಾಗಣೆದಾರ ತಕ್ಕ ಎಚ್ಚರ ವಹಿಸಿರಬೇಕು. ಹಾಗೆಂದು ಹೊಣೆಗೆ ಮಿತಿಯೇ ಇಲ್ಲವೆಂದಲ್ಲ. 2011ರ ನಿಯಮಗಳ ಪ್ರಕಾರ ಅದು ಬಾಡಿಗೆಯ ಹತ್ತು ಪಟ್ಟು, ಆದರೆ ಘೋಷಿತ ಮೌಲ್ಯವನ್ನು ಮೀರುವಂತಿಲ್ಲ. ಬಾಡಿಗೆ 12,000 ರೂಪಾಯಿ, ಸರಕಿನ ಘೋಷಿತ ಮೌಲ್ಯ 4 ಲಕ್ಷ ರೂಪಾಯಿ ಇದ್ದು ಎಲ್ಲವೂ ಹಾಳಾದರೆ ಮಿತಿ 1,20,000 ರೂಪಾಯಿ. ಹೆಚ್ಚಿನ ರಕ್ಷಣೆ ಬೇಕಾದ ಗ್ರಾಹಕ ಹೆಚ್ಚಿನ ದರ ಕೊಡಲು ಒಪ್ಪಿ ಅದನ್ನು ಬರಹದಲ್ಲಿ ತರಿಸಿಕೊಳ್ಳಬೇಕು. ಸಾಗಣೆದಾರನ ಅಥವಾ ಅವನ ಸಿಬ್ಬಂದಿಯ ಅಪರಾಧದಿಂದಲೇ ನಷ್ಟವಾಗಿದ್ದರೆ ಈ ಮಿತಿಯ ರಕ್ಷಣೆ ಸಿಗುವುದಿಲ್ಲ.

ಬಹಳಷ್ಟು ರಶೀದಿಗಳ ಮೇಲೆ ‘ಓನರ್ಸ್ ರಿಸ್ಕ್’ ಎಂಬ ಮೊಹರು ಕಾಣುತ್ತದೆ. ಅದನ್ನು ಒತ್ತಿದ ಮಾತ್ರಕ್ಕೆ ತನ್ನ ಹೊಣೆ ತೀರಿತೆಂದು ನಂಬುವ ಸಾಗಣೆದಾರರಿದ್ದಾರೆ. ಸರಕು ಕಳುಹಿಸಿದವನ ಜವಾಬ್ದಾರಿಯ ಮೇಲೆ ಎಂದು ಬರೆದಿದ್ದರೂ ಸಾಗಣೆದಾರನ ಅಜಾಗರೂಕತೆಗೆ ಅದು ಕವಚವಾಗದು ಎಂದು ಹಳೆಯ ಕಾಯ್ದೆಯ ಕಾಲದಲ್ಲೇ, 2000ರಲ್ಲಿ, ಸುಪ್ರೀಂ ಕೋರ್ಟ್ ಹೇಳಿದೆ. ಇತ್ತ ಗ್ರಾಹಕನಿಗೂ ಒಂದು ಗಡುವಿದೆ: ಸರಕು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಡದೆ ಸಾಗಣೆದಾರನ ಮೇಲೆ ದಾವೆ ಹೂಡುವಂತಿಲ್ಲ. ಲಾರಿಯ ವಿಮೆ ಸರಕಿನ ವಿಮೆಯಲ್ಲ ಎಂಬುದನ್ನೂ ಇಲ್ಲಿಯೇ ಸೇರಿಸುತ್ತೇನೆ. ಸರಕಿನ ಮಾಲೀಕ ಮಾಡಿಸುವುದು ಸಾಗಣೆ ವಿಮೆ. ನಿಮ್ಮ ಹೊಣೆಗಾಗಿ ನೀವು ಮಾಡಿಸಬೇಕಾದದ್ದು ಸಾಗಣೆದಾರರ ಹೊಣೆಗಾರಿಕೆ ವಿಮೆ. ಗ್ರಾಹಕನಿಗೆ ಹಣ ಕೊಟ್ಟ ವಿಮಾ ಕಂಪನಿ ಅದನ್ನು ವಸೂಲು ಮಾಡಲು ನಿಮ್ಮ ಬಳಿಗೇ ಬರಬಹುದಾದ್ದರಿಂದ, ಬುಕಿಂಗ್ ವ್ಯವಹಾರ ಆರಂಭಿಸುವವರು ಇದನ್ನು ಖರ್ಚೆಂದು ನೋಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ತೆರಿಗೆಯ ಕಡೆಗೆ ಬಂದರೆ ಅಲ್ಲಿಯೂ ಎಲ್‌ಆರ್ ಕೇಂದ್ರದಲ್ಲಿದೆ. ಜಿಎಸ್‌ಟಿ ಕಾನೂನಿನಲ್ಲಿ ಜಿಟಿಎ, ಅಂದರೆ ಸರಕು ಸಾಗಣೆ ಏಜೆನ್ಸಿ, ಎಂದರೆ ರಸ್ತೆ ಮೂಲಕ ಸರಕು ಸಾಗಣೆಯ ಸೇವೆ ಕೊಟ್ಟು, ಯಾವ ಹೆಸರಿನಲ್ಲಾದರೂ ಸರಿ, ಕನ್‌ಸೈನ್‌ಮೆಂಟ್ ನೋಟ್ ಕೊಡುವವನು. ಆ ನೋಟ್ ಕೊಡದೆ, ಕೊರಿಯರ್ ಸಂಸ್ಥೆಯೂ ಅಲ್ಲದೆ, ಬರೀ ಸರಕು ಸಾಗಿಸುವವನ ಸೇವೆಗೆ ತೆರಿಗೆಯಿಲ್ಲ. ಜಿಟಿಎ ಸಂಸ್ಥೆಗೆ ಲಾರಿಯನ್ನು ಬಾಡಿಗೆಗೆ ಕೊಡುವುದಕ್ಕೂ ವಿನಾಯಿತಿಯಿದೆ. ಹೀಗಾಗಿ ಸಂಸ್ಥೆಯೊಂದಕ್ಕೆ ಲಾರಿ ಬಿಟ್ಟಾಗ ನಿಮ್ಮ ಸ್ಥಾನ ಒಂದು, ಸ್ವಂತ ಎಲ್‌ಆರ್ ಪುಸ್ತಕ ಮುದ್ರಿಸಿದ ದಿನ ನಿಮ್ಮ ಸ್ಥಾನ ಇನ್ನೊಂದು. ಜಿಟಿಎ ಸೇವೆಯ ತೆರಿಗೆಯನ್ನು ಹಲವು ಸಂದರ್ಭಗಳಲ್ಲಿ ಸೇವೆ ಪಡೆದವನೇ ಸರ್ಕಾರಕ್ಕೆ ಕಟ್ಟುವ ಪದ್ಧತಿಯಿದೆ, ಅದಕ್ಕೆ ರಿವರ್ಸ್ ಚಾರ್ಜ್ ಎಂದು ಹೆಸರು. ನೀವೇ ಕಟ್ಟುವ ಆಯ್ಕೆಯೂ ಇದೆ. ಯಾವುದು ಲಾಭದಾಯಕ ಎಂಬುದು ನಿಮ್ಮ ಗ್ರಾಹಕರು ಯಾರು, ಟೈರು ಮತ್ತು ಬಿಡಿಭಾಗಗಳ ಮೇಲೆ ನೀವು ಎಷ್ಟು ತೆರಿಗೆ ಕೊಡುತ್ತೀರಿ ಎಂಬುದರ ಮೇಲೆ ನಿಂತಿದೆ. ಲೆಕ್ಕಪರಿಶೋಧಕರ ಬಳಿ ಕುಳಿತು ವರ್ಷಾರಂಭದಲ್ಲೇ ತೀರ್ಮಾನಿಸಿ.

ಸರಕಿನ ಮೌಲ್ಯ ತೆರಿಗೆ ಸೇರಿ 50,000 ರೂಪಾಯಿ ಮೀರಿದರೆ ಸಾಮಾನ್ಯವಾಗಿ ಇ-ವೇ ಬಿಲ್, ಅಂದರೆ ಆ ಸಾಗಣೆಗಾಗಿ ಜಿಎಸ್‌ಟಿ ವ್ಯವಸ್ಥೆಯ ಜಾಲತಾಣದಲ್ಲಿ ಪಡೆಯುವ ವಿದ್ಯುನ್ಮಾನ ಪತ್ರ, ಬೇಕು. 2018ರ ಏಪ್ರಿಲ್ 1ರಂದು ಅಂತರರಾಜ್ಯ ಸಾಗಣೆಗೆ ಇದು ಕಡ್ಡಾಯವಾಯಿತು. ಅದೇ ದಿನ ರಾಜ್ಯದೊಳಗಿನ ಸಾಗಣೆಗೂ ಜಾರಿಗೊಳಿಸಿದ ಮೊದಲ ರಾಜ್ಯ ಕರ್ನಾಟಕ. ಅದರ ಮೊದಲ ಭಾಗದಲ್ಲಿ ಸರಕಿನ ವಿವರ, ಎರಡನೆಯ ಭಾಗದಲ್ಲಿ ವಾಹನದ ಸಂಖ್ಯೆ ಇರುತ್ತದೆ. ದಾರಿಯಲ್ಲಿ ಲಾರಿ ಕೆಟ್ಟು ಬೇರೆ ಲಾರಿಗೆ ಸರಕು ವರ್ಗಾಯಿಸಿದರೆ ಎರಡನೆಯ ಭಾಗವನ್ನು ತಿದ್ದಿದ ಮೇಲೆಯೇ ಹೊರಡಬೇಕು. ಅವಧಿ ಪ್ರತಿ 200 ಕಿಲೋಮೀಟರಿಗೆ ಒಂದು ದಿನ. ಮಿತಿ ಮೀರಿದ ಗಾತ್ರದ ಸರಕಿಗೆ 20 ಕಿಲೋಮೀಟರಿಗೆ ಒಂದು ದಿನ. ಮುಗಿಯುವ ಎಂಟು ಗಂಟೆ ಮೊದಲಿನಿಂದ ಮುಗಿದ ಎಂಟು ಗಂಟೆಯ ತನಕ ಮಾತ್ರ ಅವಧಿ ವಿಸ್ತರಿಸಬಹುದು. ರಾತ್ರಿ ದಾರಿಯಲ್ಲಿರುವ ಚಾಲಕನಿಗೆ ಈ ಗಡುವು ನೆನಪಿರದೇ ಹೋಗಬಹುದು, ಅದನ್ನು ಗಮನಿಸುವ ಹೊಣೆ ಕಚೇರಿಯಲ್ಲಿ ಕುಳಿತವರದು. ಜಿಎಸ್‌ಟಿ ನೋಂದಣಿ ಇಲ್ಲದ ಸಾಗಣೆದಾರರು ಇ-ವೇ ಬಿಲ್ ಜಾಲತಾಣದಲ್ಲಿ ಹೆಸರು ದಾಖಲಿಸಿ ಹದಿನೈದು ಅಂಕಿ ಅಕ್ಷರಗಳ ಪ್ರತ್ಯೇಕ ಸಾಗಣೆದಾರ ಸಂಖ್ಯೆ ಪಡೆಯಬಹುದು.

‘ಲಾಜಿಸ್ಟಿಕ್ಸ್’ ಎಂದು ಬೋರ್ಡ್ ಬರೆಸಲು ಪ್ರತ್ಯೇಕ ಲೈಸೆನ್ಸ್ ಇಲ್ಲ. ಸಾಗಣೆ ಎಂದರೆ ಸರಕನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವುದು. ಲಾಜಿಸ್ಟಿಕ್ಸ್ ಎಂದರೆ ಅದರೊಂದಿಗೆ ದಾಸ್ತಾನು, ಪ್ಯಾಕಿಂಗ್, ವಿತರಣೆ, ಮಾಹಿತಿ ಎಲ್ಲವನ್ನೂ ಜೋಡಿಸಿ ನಿರ್ವಹಿಸುವುದು. ಆ ಜೋಡಣೆಯಲ್ಲಿ ನೀವು ಯಾವ ಕೆಲಸವನ್ನು ಕೈಗೆತ್ತಿಕೊಳ್ಳುತ್ತೀರೋ ಆ ಕೆಲಸದ ಪರವಾನಗಿ ಬೇಕು. ಆಮದು ರಫ್ತಿನ ಸುಂಕದ ಕೆಲಸಕ್ಕೆ ಕಸ್ಟಮ್ಸ್ ಬ್ರೋಕರ್ ಪರವಾನಗಿ, ರಸ್ತೆ ಮತ್ತು ಹಡಗನ್ನು ಸೇರಿಸಿ ಒಂದೇ ಒಪ್ಪಂದದಲ್ಲಿ ರಫ್ತು ಸಾಗಿಸಲು 1993ರ ಬಹುವಿಧ ಸಾಗಣೆ ಕಾಯ್ದೆಯಡಿ ನೋಂದಣಿ, ಹೀಗೆ. ಈಗಿನ ನಿಮ್ಮ ಯೋಜನೆಗೆ ಇವು ಬೇಕಿಲ್ಲ.

ನಿಮ್ಮ ಸಂದರ್ಭಕ್ಕೆ ನಾನು ಹೇಳುವ ಕ್ರಮ ಇದು. ಮೊದಲ ವರ್ಷ ಲಾರಿ ಮಾಲೀಕರಾಗಿಯೇ ಇರಿ: ವಯಸ್ಸು ಮತ್ತು ಎಫ್‌ಸಿ ನೋಡಿ ಲಾರಿ ಕೊಳ್ಳಿ, ರಹದಾರಿ ಮತ್ತು ವಾರ್ಷಿಕ ಅಧಿಕಾರ ಪತ್ರ ಪಡೆಯಿರಿ, ಸರಿಯಾದ ವರ್ಗದ ಪರವಾನಗಿಯ ಚಾಲಕನನ್ನು ನೇಮಿಸಿ, ನೋಂದಾಯಿತ ಸಂಸ್ಥೆಗಳ ಎಲ್‌ಆರ್ ಮೇಲೆ ಓಡಿಸಿ. ಆ ಅವಧಿಯಲ್ಲಿ ಬಾಡಿಗೆಯ ಏರಿಳಿತ, ಯಾವ ಗ್ರಾಹಕ ಎಷ್ಟು ದಿನಕ್ಕೆ ಹಣ ಕೊಡುತ್ತಾನೆ ಎಂಬುದು ತಿಳಿಯುತ್ತದೆ. ನಂತರ ಕಾಮನ್ ಕ್ಯಾರಿಯರ್ ನೋಂದಣಿ, ಹೊಣೆಗಾರಿಕೆ ವಿಮೆ, ಜಿಎಸ್‌ಟಿಯ ತೀರ್ಮಾನ ಮೂರನ್ನೂ ಒಟ್ಟಿಗೆ ಮುಗಿಸಿ, ಆಮೇಲೆ ಸ್ವಂತ ಎಲ್‌ಆರ್ ಪುಸ್ತಕ ಮುದ್ರಿಸಿ. ವಾಹನದ ಮತ್ತು ಚಾಲಕನ ದಾಖಲೆಗಳನ್ನು ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿ ತೋರಿಸಿದರೆ ಸಾಕು, 2018ರಿಂದ ಅದಕ್ಕೆ ಕಾನೂನಿನ ಮಾನ್ಯತೆಯಿದೆ. ಆದರೆ ಇನ್‌ವಾಯ್ಸ್ ಮತ್ತು ಸರಕು ರಶೀದಿಯ ಪ್ರತಿಗಳು ಕಾಗದದಲ್ಲೇ ಚಾಲಕನ ಬಳಿ ಇರಲಿ, ಏಕೆಂದರೆ ಇಳಿಸುವಲ್ಲಿ ಸಹಿ, ಮೊಹರು ಬೀಳಬೇಕಾದದ್ದು ಅದರ ಮೇಲೆಯೇ.